ಲಿಡ್ ತೆರೆದ ಕೂಡಲೇ ನೆಟ್ ಬರಬೇಕು: ನೆಟ್‌ವರ್ಕ್‌ಮ್ಯಾನೇಜರ್ ಬಳಸಿದ ಅನುಭವ

ಲ್ಯಾಪ್‌ಟಾಪ್ ವಿಮರ್ಶೆಗಳಲ್ಲಿ ಸ್ಕ್ರೀನ್ ಬಗ್ಗೆ ಬರೆಯುತ್ತಾರೆ, ಬ್ಯಾಟರಿ ಬಗ್ಗೆ ಬರೆಯುತ್ತಾರೆ, ಕೀಬೋರ್ಡ್ ಒತ್ತಿದರೆ ಹೇಗನ್ನಿಸುತ್ತದೆ ಅಂತಲೂ ಬರೆಯುತ್ತಾರೆ. ಮುಚ್ಚಿಟ್ಟ ಲ್ಯಾಪ್‌ಟಾಪ್ ತೆರೆದ ಮೇಲೆ ನೆಟ್ ಎಷ್ಟು ಬೇಗ, ಎಷ್ಟು ಸರಿಯಾಗಿ ವಾಪಸ್ ಬರುತ್ತದೆ ಅಂತ ಬರೆಯುವವರು ತೀರಾ ಕಡಿಮೆ. ನನಗೆ ಅದೇ ಎಲ್ಲಕ್ಕಿಂತ ಮುಖ್ಯ. ನಾನು ಆನ್‌ಲೈನ್‌ನಲ್ಲಿ ಹೈಸ್ಕೂಲ್ ಮಕ್ಕಳಿಗೆ ಗಣಿತ ಹೇಳಿಕೊಡುವವಳು. ಒಂದು ಕ್ಲಾಸ್ ಮುಗಿದರೆ ಲಿಡ್ ಮುಚ್ಚುತ್ತೇನೆ, ಮುಂದಿನ ಕ್ಲಾಸಿಗೆ ತೆರೆಯುತ್ತೇನೆ. ಕೆಲವು ಸಲ ಅದೇ ಮೇಜಿನ ಮೇಲೆ, ಡಾಕ್‌ನ (ಲ್ಯಾಪ್‌ಟಾಪ್‌ಗೆ ಸಿಕ್ಕಿಸುವ ಪೆಟ್ಟಿಗೆ) ಈಥರ್ನೆಟ್ ಕೇಬಲ್, ಅಂದರೆ ತಂತಿಯ ನೆಟ್ ಜೊತೆ. ಕೆಲವು ಸಲ ಪಕ್ಕದ ಕೋಣೆಯಲ್ಲಿ, ಬರೀ ವೈಫೈ ಮೇಲೆ. ತೆರೆಯುವಷ್ಟರಲ್ಲಿ ಮಕ್ಕಳು ಆಗಲೇ ಬಂದು ಕಾಯುತ್ತಿರುತ್ತಾರೆ. ಅಷ್ಟು ಹೊತ್ತಿನಲ್ಲಿ ನೆಟ್ ಐಕಾನ್ ಸುಮ್ನೆ ಸುತ್ತುತ್ತಿದ್ದರೆ ಎಷ್ಟು ಸಂಕಟ ಆಗುತ್ತದೆ ಅನ್ನುವುದು ಈ ಕೆಲಸ ಮಾಡುವವರಿಗೆಲ್ಲ ಗೊತ್ತು.

ನನ್ನ ಲ್ಯಾಪ್‌ಟಾಪ್‌ನಲ್ಲಿ ಇರುವುದು ವಿಂಡೋಸ್ ಅಲ್ಲ, ಲಿನಕ್ಸ್ ಅನ್ನುವ ಆಪರೇಟಿಂಗ್ ಸಿಸ್ಟಂ. ಅದರಲ್ಲಿ ನೆಟ್ ನೋಡಿಕೊಳ್ಳುವುದು ನೆಟ್‌ವರ್ಕ್‌ಮ್ಯಾನೇಜರ್. 2004ರಲ್ಲಿ ರೆಡ್ ಹ್ಯಾಟ್ ಕಡೆಯಿಂದ ಶುರುವಾದ ಈ ಸಾಫ್ಟ್‌ವೇರ್ ಈಗ ಫೆಡೋರಾ, ಉಬುಂಟು ಡೆಸ್ಕ್‌ಟಾಪ್ ಸೇರಿದಂತೆ ಲಿನಕ್ಸ್‌ನ ಬಹಳ ಬಗೆಗಳಲ್ಲಿ ಇನ್‌ಸ್ಟಾಲ್ ಆಗಿಯೇ ಬರುತ್ತದೆ. ಅದರ ನೂರೆಂಟು ಕೆಲಸಗಳಲ್ಲಿ ನಾನು ಇಲ್ಲಿ ಒಂದನ್ನೇ ನೋಡುತ್ತೇನೆ: ನಿದ್ದೆಯಿಂದ ಎದ್ದಾಗ ಅದು ಏನು ಮಾಡುತ್ತದೆ?

ಮೊದಲು, ನಿದ್ದೆ ಅಂದರೆ ಹಾರ್ಡ್‌ವೇರ್‌ಗೆ ಏನಾಗುತ್ತದೆ ಅಂತ ಸ್ವಲ್ಪ ಹೇಳಬೇಕು. ಇಲ್ಲದಿದ್ದರೆ ಈ ಕೆಲಸ ಎಷ್ಟು ಕಷ್ಟದ್ದು ಅಂತ ತಿಳಿಯುವುದಿಲ್ಲ.

1996ರ ಕೊನೆಯಲ್ಲಿ ಇಂಟೆಲ್, ಮೈಕ್ರೋಸಾಫ್ಟ್, ತೋಷಿಬಾ ಸೇರಿ ಎಸಿಪಿಐ ಅನ್ನುವ ನಿಯಮಾವಳಿ ತಂದವು. ಕಂಪ್ಯೂಟರಿನ ನಿದ್ದೆಗೆ ಎಸ್3, ಎಸ್4 ಅಂತೆಲ್ಲ ಹೆಸರಿಟ್ಟಿರುವುದು ಅದೇ. ಎಸ್3ಯಲ್ಲಿ ಮೆಮೊರಿಗೆ ಮಾತ್ರ ಕರೆಂಟ್ ಇರುತ್ತದೆ, ಉಳಿದದ್ದು ಬಹುಪಾಲು ಆಫ್. ಎಸ್4ರಲ್ಲಿ ಮೆಮೊರಿಯನ್ನೂ ಡಿಸ್ಕ್‌ಗೆ ಬರೆದು ಎಲ್ಲವನ್ನೂ ಆಫ್ ಮಾಡುತ್ತಾರೆ. ಈಗಿನ ಎಷ್ಟೋ ಲ್ಯಾಪ್‌ಟಾಪ್‌ಗಳಲ್ಲಿ ಎಸ್3 ಇಲ್ಲವೇ ಇಲ್ಲ. ಅವುಗಳಲ್ಲಿ ಪ್ರೊಸೆಸರ್ ತೀರಾ ಕಡಿಮೆ ಕರೆಂಟ್‌ನಲ್ಲಿ ತೂಕಡಿಸುತ್ತಿರುತ್ತದೆ. ವಿಂಡೋಸ್‌ನವರು ಇದನ್ನು ಮಾಡರ್ನ್ ಸ್ಟ್ಯಾಂಡ್‌ಬೈ ಅನ್ನುತ್ತಾರೆ.

ವೈಫೈ ಕಾರ್ಡ್‌ಗೂ ಈಥರ್ನೆಟ್ ಚಿಪ್‌ಗೂ ಅವುಗಳದ್ದೇ ಮಟ್ಟಗಳಿವೆ. ಪೂರ್ತಿ ಎಚ್ಚರ ಇದ್ದರೆ ಡಿ0. ಕರೆಂಟ್ ಪೂರ್ತಿ ಕಿತ್ತರೆ ಡಿ3 ಕೋಲ್ಡ್. ಡಿ3 ಕೋಲ್ಡ್‌ಗೆ ಹೋದ ಕಾರ್ಡ್‌ಗೆ ಯಾವುದೂ ನೆನಪಿರುವುದಿಲ್ಲ. ತನ್ನ ರಿಜಿಸ್ಟರ್‌ಗಳು (ಸೆಟ್ಟಿಂಗ್ ಇಡುವ ಪುಟ್ಟ ಜಾಗಗಳು) ಮೆಮೊರಿಯಲ್ಲಿ ಯಾವ ವಿಳಾಸಕ್ಕೆ ಹೊಂದಿಕೊಂಡಿವೆ, ಪ್ರೊಸೆಸರನ್ನು ಕರೆಯುವ ಇಂಟರಪ್ಟ್ ಎಲ್ಲಿಗೆ ಕಳಿಸಬೇಕು, ಯಾವ ಪ್ಯಾಕೆಟ್ (ನೆಟ್‌ನಲ್ಲಿ ಬರುವ ಮಾಹಿತಿಯ ತುಂಡು) ತೆಗೆದುಕೊಳ್ಳಬೇಕು, ಯಾವುದನ್ನು ಬಿಡಬೇಕು, ಎಲ್ಲ ಹೋಗಿರುತ್ತದೆ. ವೈಫೈ ಕಾರ್ಡ್ ಆದರೆ ಅದರೊಳಗೆ ಓಡುವ ಸಾಫ್ಟ್‌ವೇರ್, ಅಂದರೆ ಫರ್ಮ್‌ವೇರ್ ಕೂಡ ಹೋಗಿರುತ್ತದೆ. ಆ ಫರ್ಮ್‌ವೇರ್ ಇರುವುದು ಕಾರ್ಡಿನ ಸ್ವಂತ ರ‍್ಯಾಮ್‌ನಲ್ಲಿ. ಎದ್ದ ಮೇಲೆ ಡ್ರೈವರ್ (ಕಾರ್ಡನ್ನು ನಡೆಸುವ ಸಾಫ್ಟ್‌ವೇರ್) ಅದನ್ನು ಮತ್ತೆ ತುಂಬಬೇಕು. ಆದರೆ ಎದ್ದ ಆ ಗಳಿಗೆಯಲ್ಲಿ ಡಿಸ್ಕ್ ಓದಲು ಸಿಗುತ್ತದೆ ಅನ್ನುವ ಭರವಸೆ ಇಲ್ಲ. ಅದಕ್ಕೇ ಲಿನಕ್ಸ್‌ನ ತಿರುಳಾದ ಕರ್ನಲ್ ಮಲಗುವ ಮೊದಲೇ ಬೇಕಾದ ಫರ್ಮ್‌ವೇರ್ ಫೈಲನ್ನು ಮೆಮೊರಿಗೆ ತಂದಿಟ್ಟುಕೊಳ್ಳುತ್ತದೆ. ಎಂಥ ಮುಂದಾಲೋಚನೆ ನೋಡಿ!

ಮಲಗಿಸುವುದಕ್ಕೆ ಒಂದು ಕ್ರಮವೂ ಇದೆ. ಸಂಜೆ ಅಂಗಡಿ ಮುಚ್ಚುವಾಗ ಹೊರಗಿಟ್ಟ ಸಾಮಾನು ಮೊದಲು ಒಳಗೆ ಹೋಗುತ್ತದೆ, ಆಮೇಲೆ ಬಾಗಿಲು. ಬೆಳಿಗ್ಗೆ ಬಾಗಿಲು ಮೊದಲು, ಸಾಮಾನು ಆಮೇಲೆ. ಇಲ್ಲೂ ಹಾಗೇ. ಮೊದಲು ಯುಎಸ್‌ಬಿ ಅಡಾಪ್ಟರ್ ಮಲಗಬೇಕು, ಆಮೇಲೆ ಯುಎಸ್‌ಬಿ ಕಂಟ್ರೋಲರ್, ಅದರ ನಂತರ ಅದು ಕೂತಿರುವ ಪಿಸಿಐ ಬಸ್ (ಒಳಗಿನ ಭಾಗಗಳನ್ನು ಜೋಡಿಸುವ ದಾರಿ). ಏಳುವಾಗ ಇದೆಲ್ಲ ತಿರುಗಾಮುರುಗಾ. ಇಷ್ಟೂ ಕರ್ನಲ್ ಮತ್ತು ಡ್ರೈವರ್‌ಗಳ ಪಾಲಿನ ಕೆಲಸ. ಇದರ ಮೇಲೆ ನೆಟ್‌ವರ್ಕ್‌ಮ್ಯಾನೇಜರ್‌ನ ಕೆಲಸ ಶುರುವಾಗುತ್ತದೆ.

ನನಗೆ ಈ ಸಾಫ್ಟ್‌ವೇರ್ ಮೇಲೆ ನಂಬಿಕೆ ಬಂದದ್ದು ಯಾಕೆ ಅಂದರೆ, ಇದು ಮಲಗುವ ಮೊದಲಿನ ಸ್ಥಿತಿಯನ್ನು ನಂಬುವುದಿಲ್ಲ. ಹಳೆಯ ಸಂಪರ್ಕ ಇನ್ನೂ ಹಾಗೇ ಇದೆ ಅಂದುಕೊಂಡು ಮುಂದುವರಿಯುವುದಿಲ್ಲ. ಮಲಗುವ ಮೊದಲು ಬಹುತೇಕ ಎಲ್ಲವನ್ನೂ ಬೇಕೆಂದೇ ಬಿಚ್ಚುತ್ತದೆ. ಎದ್ದ ಮೇಲೆ, ಬರೆದಿಟ್ಟುಕೊಂಡ ಪ್ರೊಫೈಲ್ (ಆ ಸಂಪರ್ಕದ ಸೆಟ್ಟಿಂಗ್‌ಗಳು) ನೋಡಿಕೊಂಡು ಮೊದಲಿನಿಂದ ಕಟ್ಟುತ್ತದೆ. ಇದಕ್ಕೆ ಸ್ವಲ್ಪ ಸಮಯ ಹಿಡಿಯುತ್ತದೆ, ನಿಜ. ಆದರೆ ಅರ್ಧ ಸತ್ತ ಸಂಪರ್ಕಕ್ಕಿಂತ ಹೊಸದಾಗಿ ಕಟ್ಟಿದ ಸಂಪರ್ಕ ಎಷ್ಟೋ ಮೇಲು.

ಇದನ್ನು ನಿಮ್ಮ ಕಣ್ಣಾರೆ ನೋಡಬಹುದು. ಲಿನಕ್ಸ್‌ನ ಸೇವೆಗಳನ್ನು ನಡೆಸುವ ಸಿಸ್ಟಂಡಿಯಲ್ಲಿ ಲಾಗಿನ್‌ಡಿ ಅನ್ನುವ ಒಂದು ಭಾಗ ಇದೆ. ಕಂಪ್ಯೂಟರ್ ಮಲಗುವ ಮೊದಲು ಅದು ಎಲ್ಲರಿಗೂ ಒಂದು ಸೂಚನೆ ಕಳಿಸುತ್ತದೆ. ‘ಸ್ವಲ್ಪ ತಾಳಿ, ನನ್ನ ಕೆಲಸ ಮುಗಿಸುತ್ತೇನೆ’ ಅಂತ ಕೇಳಿಕೊಳ್ಳುವ ಅವಕಾಶ ಬೇರೆ ಸಾಫ್ಟ್‌ವೇರ್‌ಗಳಿಗೆ ಇದೆ. ಹಾಗೆ ಕೇಳಿಕೊಂಡವರ ಪಟ್ಟಿಯನ್ನು ಟರ್ಮಿನಲ್‌ನಲ್ಲಿ ತೆಗೆದರೆ ನೆಟ್‌ವರ್ಕ್‌ಮ್ಯಾನೇಜರ್ ಹೆಸರು ಅಲ್ಲಿ ಸಿಗುತ್ತದೆ. ನೆಟ್‌ವರ್ಕ್‌ಗಳನ್ನು ಆಫ್ ಮಾಡಬೇಕಿದೆ ಅನ್ನುವ ಕಾರಣವೂ ಪಕ್ಕದಲ್ಲೇ ಬರೆದಿರುತ್ತದೆ. ಲಾಗಿನ್‌ಡಿ ಹೀಗೆ ಕಾಯುವುದು ಮಾಮೂಲಾಗಿ ಹೆಚ್ಚೆಂದರೆ 5 ಸೆಕೆಂಡ್. ಅಷ್ಟರಲ್ಲಿ ಇದು ಮುಗಿಸಿಬಿಡುತ್ತದೆ.

ಲಾಗ್ (ನಡೆದದ್ದನ್ನೆಲ್ಲ ಬರೆದಿಡುವ ದಾಖಲೆ) ಓದುವ ಅಭ್ಯಾಸ ಇದ್ದವರಿಗೆ ಇನ್ನೂ ಸಂತೋಷ ಆಗುತ್ತದೆ. ಮಲಗುವಾಗ ಪ್ರತಿ ಕಾರ್ಡ್‌ನ ಎದುರೂ ‘ಆಕ್ಟಿವೇಟೆಡ್’ನಿಂದ ‘ಡಿಆಕ್ಟಿವೇಟಿಂಗ್’, ಕಾರಣ ‘ಸ್ಲೀಪಿಂಗ್’ ಅಂತ ಬರುತ್ತದೆ. ಎದ್ದಾಗ ಅದೇ ಕಾರ್ಡ್ ‘ಅನ್‌ಮ್ಯಾನೇಜ್ಡ್’ನಿಂದ ಶುರು ಮಾಡಿ ‘ಅನ್‌ಅವೈಲಬಲ್’, ‘ಪ್ರಿಪೇರ್’, ‘ಕಾನ್ಫಿಗ್’, ‘ಐಪಿ ಕಾನ್ಫಿಗ್’ ಅಂತ ಒಂದೊಂದೇ ಮೆಟ್ಟಿಲು ಹತ್ತುತ್ತದೆ. ಎಲ್ಲಾದರೂ ನಿಂತುಹೋದರೆ ಯಾವ ಮೆಟ್ಟಿಲಲ್ಲಿ ನಿಂತಿತು ಅಂತ ಥಟ್ಟನೆ ಗೊತ್ತಾಗುತ್ತದೆ. ‘ಅನ್‌ಅವೈಲಬಲ್’ನಲ್ಲೇ ನಿಂತಿದ್ದರೆ ಡ್ರೈವರ್ ಅಥವಾ ಕೇಬಲ್ ಕಡೆ ನೋಡಬೇಕು. ‘ಕಾನ್ಫಿಗ್’ನಲ್ಲಿ ನಿಂತಿದ್ದರೆ ವೈಫೈ ಪಾಸ್‌ವರ್ಡ್ ಅಥವಾ ಸಿಗ್ನಲ್. ‘ಐಪಿ ಕಾನ್ಫಿಗ್’ನಲ್ಲಿ ನಿಂತಿದ್ದರೆ ರೂಟರ್‌ನಿಂದ ವಿಳಾಸ ಸಿಕ್ಕಿಲ್ಲ. ನೆಟ್ ಬರಲಿಲ್ಲ ಅನ್ನುವ ಒಂದೇ ದೂರನ್ನು ಹೀಗೆ ಬಿಡಿಸಿ ತೋರಿಸುವುದು ದೊಡ್ಡ ಉಪಕಾರ.

ವಿಳಾಸದ ವಿಷಯದಲ್ಲೂ ಇದರ ನಡೆ ನನಗೆ ಹಿಡಿಸಿತು. ರೂಟರ್ ನಮಗೆ ಕೊಡುವ ಐಪಿ ವಿಳಾಸ ಸ್ವಂತದ್ದಲ್ಲ, ಗಡುವು ಇಟ್ಟು ಕೊಟ್ಟದ್ದು. ಹೀಗೆ ವಿಳಾಸ ಹಂಚುವ ಡಿಎಚ್‌ಸಿಪಿ ನಿಯಮದ ಪ್ರಕಾರ ಸಾಮಾನ್ಯವಾಗಿ ಅರ್ಧ ಗಡುವು ಕಳೆದಾಗ ಅದನ್ನು ನವೀಕರಿಸಲು ಕೇಳಬೇಕು. ಕಂಪ್ಯೂಟರ್ ಮಲಗಿದ್ದರೆ ಕೇಳುವವರು ಯಾರು? ಇಲ್ಲೇ ಒಂದು ಸೂಕ್ಷ್ಮ ಇದೆ. ಲಿನಕ್ಸ್‌ನಲ್ಲಿ ಎರಡು ಬಗೆಯ ಗಡಿಯಾರಗಳಿವೆ. ಮಾನೋಟಾನಿಕ್ ಅನ್ನುವುದು ನಿದ್ದೆಯ ಹೊತ್ತನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ, ಬೂಟ್‌ಟೈಮ್ ಅನ್ನುವುದು ತೆಗೆದುಕೊಳ್ಳುತ್ತದೆ. ಮೊದಲಿನದನ್ನು ನಂಬಿದ ಸಾಫ್ಟ್‌ವೇರ್ ರಾತ್ರಿಯೆಲ್ಲ ಮಲಗಿ ಎದ್ದು, ಗಡುವಿಗೆ ಇನ್ನೂ ಸಮಯ ಇದೆ ಅಂದುಕೊಳ್ಳಬಹುದು. ಅಷ್ಟರಲ್ಲಿ ರೂಟರ್ ಆ ವಿಳಾಸವನ್ನು ಬೇರೆ ಫೋನಿಗೆ ಕೊಟ್ಟಿರಬಹುದು. ಎರಡು ಸಾಧನಗಳಿಗೆ ಒಂದೇ ವಿಳಾಸ ಆದರೆ ಇಬ್ಬರಿಗೂ ನೆಟ್ ತಡವರಿಸುತ್ತದೆ. ನೆಟ್‌ವರ್ಕ್‌ಮ್ಯಾನೇಜರ್ ಎದ್ದಾಗ ವಿಳಾಸವನ್ನು ಮತ್ತೆ ರೂಟರ್ ಹತ್ತಿರವೇ ಕೇಳಿ ಪಡೆಯುವುದರಿಂದ ಈ ತಾಪತ್ರಯ ಬರುವುದಿಲ್ಲ. 1997ರ ಡಿಎಚ್‌ಸಿಪಿ ನಿಯಮದಲ್ಲೇ ‘ನನ್ನ ಹಳೆಯ ವಿಳಾಸವನ್ನೇ ಕೊಡಿ’ ಅಂತ ಕೇಳುವ ದಾರಿ ಇದೆ. ಹಾಗಾಗಿ ಬಹಳ ಸಲ ಮೊದಲಿನ ವಿಳಾಸವೇ ಬೇಗ ಸಿಗುತ್ತದೆ.

ಇನ್ನು ನನ್ನ ದಿನನಿತ್ಯದ ಪರೀಕ್ಷೆಗೆ ಬರುತ್ತೇನೆ. ಮೇಜಿನ ಮೇಲೆ ಡಾಕ್ ಜೊತೆ ಮಲಗಿದ ಲ್ಯಾಪ್‌ಟಾಪ್ ಪಕ್ಕದ ಕೋಣೆಯಲ್ಲಿ ಡಾಕ್ ಇಲ್ಲದೆ ಏಳುತ್ತದೆ. ಮಲಗುವಾಗ ಇದ್ದ ಈಥರ್ನೆಟ್ ಕಾರ್ಡ್ ಎದ್ದಾಗ ಇಲ್ಲವೇ ಇಲ್ಲ! ಇದನ್ನು ನೆಟ್‌ವರ್ಕ್‌ಮ್ಯಾನೇಜರ್ ಚೆನ್ನಾಗಿ ನಿಭಾಯಿಸುತ್ತದೆ. ಕಾರ್ಡ್ ಹೋಯಿತು ಅಂತ ತಿಳಿದುಕೊಂಡು ವೈಫೈ ಹಿಡಿಯುತ್ತದೆ. ನಾನು ಏನೂ ಒತ್ತಬೇಕಾಗಿಲ್ಲ. ಪಾಠದ ಪುಟ ತೆರೆಯುವಷ್ಟರಲ್ಲಿ ನೆಟ್ ಬಂದಿರುತ್ತದೆ.

ಇದರ ಉಲ್ಟಾ ದಾರಿಯಲ್ಲಿ ಒಂದು ತೊಂದರೆ ಇದೆ. ಮೇಜಿನ ಹತ್ತಿರ ಬಂದು ಡಾಕ್ ಸಿಕ್ಕಿಸಿ ಲಿಡ್ ತೆರೆದರೆ ವೈಫೈ ಮೊದಲು ಬರುತ್ತದೆ. ಡಾಕ್‌ನೊಳಗಿನ ಈಥರ್ನೆಟ್ ಯುಎಸ್‌ಬಿ ಮೂಲಕ ಕಾಣಿಸಿಕೊಳ್ಳಬೇಕು, ಸ್ವಿಚ್ (ಕೇಬಲ್‌ಗಳನ್ನು ಸೇರಿಸುವ ಪೆಟ್ಟಿಗೆ) ಜೊತೆ ಎಷ್ಟು ವೇಗ ಅಂತ ಮಾತಾಡಿಕೊಳ್ಳಬೇಕು. ಗಿಗಾಬಿಟ್ ಆದರೆ ಈ ಮಾತುಕತೆಗೇ ಕೆಲವು ಸೆಕೆಂಡ್ ಹೋಗುತ್ತದೆ. ನೆಟ್‌ವರ್ಕ್‌ಮ್ಯಾನೇಜರ್‌ನಲ್ಲಿ ಮಾಮೂಲಾಗಿ ದಾರಿ ಆರಿಸುವ ಅಂಕಿ (ಮೆಟ್ರಿಕ್) ತಂತಿಗೆ 100, ವೈಫೈಗೆ 600. ಚಿಕ್ಕ ಅಂಕಿಗೆ ಮೊದಲ ಆದ್ಯತೆ. ಹಾಗಾಗಿ ತಂತಿ ಬಂದ ಕೂಡಲೇ ದಾರಿ ಆ ಕಡೆ ಹೊರಳುತ್ತದೆ. ಆಗಲೇ ವೈಫೈ ಮೇಲೆ ವಿಡಿಯೋ ಕ್ಲಾಸ್ ಶುರು ಮಾಡಿದ್ದರೆ ಚಿತ್ರ ಒಂದು ಸಲ ಕಲ್ಲಾಗಿ ನಿಲ್ಲುತ್ತದೆ. ಆದ್ಯತೆ ಕೊಟ್ಟದ್ದು ತಪ್ಪಲ್ಲ. ತಂತಿಯೇ ಒಳ್ಳೆಯದು ಅಲ್ವಾ? ಹೊರಳುವ ಗಳಿಗೆ ಮಾತ್ರ ಕೆಟ್ಟದ್ದು. ಇದಕ್ಕೆ ನಾನು ಮಾಡಿಕೊಂಡ ದಾರಿ ಆಮೇಲೆ ಹೇಳುತ್ತೇನೆ.

ಕೇಬಲ್‌ನ ಆ ತುದಿಯಲ್ಲಿರುವ ಸ್ವಿಚ್ ಕೂಡ ಕೆಲವು ಸಲ ಕಾಯಿಸುತ್ತದೆ. ಆಫೀಸುಗಳಲ್ಲಿ ಇಡುವ ಬಗೆಯ ಸ್ವಿಚ್‌ನಲ್ಲಿ ಪ್ಯಾಕೆಟ್‌ಗಳು ಸುತ್ತು ಹಾಕದಂತೆ ತಡೆಯುವ ಹಳೆಯ ಸ್ಪ್ಯಾನಿಂಗ್ ಟ್ರೀ ನಿಯಮ ಆನ್ ಇದ್ದರೆ, ಹೊಸದಾಗಿ ಜೀವ ಬಂದ ಪೋರ್ಟನ್ನು 15 ಸೆಕೆಂಡ್ ಕೇಳುವುದಕ್ಕೆ, ಇನ್ನೊಂದು 15 ಸೆಕೆಂಡ್ ಕಲಿಯುವುದಕ್ಕೆ ಹಿಡಿದಿಡುತ್ತದೆ. ಅಷ್ಟು ಹೊತ್ತು ಕೇಬಲ್‌ನ ದೀಪ ಉರಿಯುತ್ತಿದ್ದರೂ ಒಂದು ಪ್ಯಾಕೆಟ್ಟೂ ದಾಟುವುದಿಲ್ಲ. ಜನ ಲ್ಯಾಪ್‌ಟಾಪ್ ಮೇಲೆ ರೇಗುತ್ತಾರೆ, ಪಾಪ. ಆ ಪೋರ್ಟ್‌ಗೆ ಬರೀ ಕಂಪ್ಯೂಟರ್ ಮಾತ್ರ ಸಿಕ್ಕಿಸುತ್ತೇವೆ ಅಂತ ಸ್ವಿಚ್‌ಗೆ ಹೇಳಿದರೆ ಸರಿಹೋಗುತ್ತದೆ.

ವೈಫೈಯಲ್ಲಿ ಇಂಥದ್ದೇ ಒಂದು ಗುಟ್ಟು ಇದೆ. 5 ಗಿಗಾಹರ್ಟ್ಸ್‌ನ 52ರಿಂದ 144ರವರೆಗಿನ ಚಾನೆಲ್‌ಗಳನ್ನು ಬಹಳಷ್ಟು ದೇಶಗಳಲ್ಲಿ ರೇಡಾರ್‌ಗಳ ಜೊತೆ ಹಂಚಿಕೊಳ್ಳಬೇಕು. ಅಲ್ಲಿ ನಮ್ಮ ಕಾರ್ಡ್ ‘ಯಾರಿದ್ದೀರಿ’ ಅಂತ ತಾನಾಗಿ ಕೂಗುವಂತಿಲ್ಲ. ರೂಟರ್ ಕಳಿಸುವ ‘ನಾನಿದ್ದೇನೆ’ ಅನ್ನುವ ಸೂಚನೆ (ಬೀಕನ್) ಕೇಳುವ ತನಕ ಪ್ರತಿ ಚಾನೆಲ್‌ನಲ್ಲೂ ಸುಮ್ಮನೆ ಕಿವಿಗೊಟ್ಟು ಕೂರಬೇಕು. ಹಾಗಾಗಿ ಎದ್ದ ಮೇಲೆ ನೆಟ್‌ವರ್ಕ್ ಹುಡುಕುವುದು ನಿಧಾನ. ನಾನು ರೂಟರ್ ಚಾನೆಲನ್ನು 36ಕ್ಕೆ ತಂದ ಮೇಲೆ ಲಿಡ್ ತೆರೆದಾಗಿನ ಕಾಯುವಿಕೆ ಎದ್ದು ಕಾಣುವಷ್ಟು ಕಡಿಮೆ ಆಯಿತು. ಎಲ್ಲದಕ್ಕೂ ಸಾಫ್ಟ್‌ವೇರ್ ಕಡೆಯೇ ಬೆರಳು ತೋರಿಸಬಾರದು ಅಂತ ನಾನು ಹೇಳುವುದು ಇದಕ್ಕೇ.

ಇದರ ಕೈ ಎಲ್ಲಿ ಸೋಲುತ್ತದೆ? ಡ್ರೈವರ್ ಸುಳ್ಳು ಹೇಳಿದಾಗ. ಹಾರ್ಡ್‌ವೇರ್ ಸರಿಯಾಗಿದೆ ಅಂತ ಡ್ರೈವರ್ ಹೇಳಿದರೆ ನೆಟ್‌ವರ್ಕ್‌ಮ್ಯಾನೇಜರ್ ಅದನ್ನು ಒಪ್ಪಿಕೊಳ್ಳಲೇಬೇಕು. ನನ್ನ ಹತ್ತಿರ ಒಂದು ಹಳೆಯ ಯುಎಸ್‌ಬಿ ಈಥರ್ನೆಟ್ ಅಡಾಪ್ಟರ್ ಇತ್ತು. ಕಂಪನಿ ಹೆಸರು ಇಲ್ಲಿ ಬೇಡ. ನಿದ್ದೆಯಿಂದ ಎದ್ದ ಮೇಲೆ ಅದರಲ್ಲಿ ನೆಟ್ ಬರುತ್ತಿತ್ತು, ವಿಳಾಸ ಸಿಗುತ್ತಿತ್ತು, ಐಕಾನ್‌ನಲ್ಲಿ ಎಲ್ಲ ಸರಿ. ಆದರೆ ನನ್ನ ವಿಡಿಯೋ ಮಸುಕು. ಬೋರ್ಡ್ ಮೇಲೆ ಬರೆದ ವರ್ಗಮೂಲದ ಚಿಹ್ನೆ ಮಕ್ಕಳಿಗೆ ಕಾಣುತ್ತಿರಲಿಲ್ಲ. ಕಾರ್ಡಿನ ಸ್ಥಿತಿ ತೋರಿಸುವ ಈಥ್‌ಟೂಲ್ ಕಮಾಂಡ್‌ನಲ್ಲಿ ನೋಡಿದರೆ ಲಿಂಕ್ ವೇಗ 1000 ಮೆಗಾಬಿಟ್ ಇರಬೇಕಾದ ಕಡೆ 10 ಇತ್ತು.

ಇದಕ್ಕೆ ಕಾರಣ ತಿಳಿದುಕೊಳ್ಳುವಂಥದ್ದು. ವೇಕ್ ಆನ್ ಲ್ಯಾನ್ ಅಂತ ಒಂದು ಸೌಲಭ್ಯ ಇದೆ. ಮಲಗಿದ ಕಂಪ್ಯೂಟರನ್ನು ನೆಟ್‌ವರ್ಕ್ ಮೂಲಕ ಎಬ್ಬಿಸುವುದು. ಅದಕ್ಕೆ ಒಂದು ಮ್ಯಾಜಿಕ್ ಪ್ಯಾಕೆಟ್ ಕಳಿಸುತ್ತಾರೆ: ಮೊದಲು 6 ಬೈಟ್ ಎಲ್ಲ ಎಫ್‌ಎಫ್, ಆಮೇಲೆ ಆ ಕಾರ್ಡಿನ ಮ್ಯಾಕ್ ವಿಳಾಸ (ಕಾರ್ಡಿಗೇ ಸೇರಿದ ಗುರುತು) 16 ಸಲ. ಅದು ಬರುವುದನ್ನು ಕಾಯಲು ಚಿಪ್‌ನ ಒಂದು ಭಾಗ ಎಚ್ಚರವಾಗಿರಬೇಕು. ಕರೆಂಟ್ ಉಳಿಸಲು ಎಷ್ಟೋ ಡ್ರೈವರ್‌ಗಳು ಆಗ ಲಿಂಕನ್ನು 10 ಮೆಗಾಬಿಟ್‌ಗೆ ಇಳಿಸುತ್ತವೆ. ಎದ್ದ ಮೇಲೆ ಮತ್ತೆ ವೇಗದ ಮಾತುಕತೆ ಆಡಿಸಬೇಕು. ಅದನ್ನು ಮರೆತ ಡ್ರೈವರ್‌ನ ಲಿಂಕ್ ಅಲ್ಲೇ ಉಳಿಯುತ್ತದೆ. ಈಥ್‌ಟೂಲ್‌ನಿಂದ ಮತ್ತೊಮ್ಮೆ ಮಾತುಕತೆ ಆಡಿಸಿದ ಕೂಡಲೇ ನನ್ನ ಅಡಾಪ್ಟರ್ 1000ಕ್ಕೆ ಬರುತ್ತಿತ್ತು.

ಇನ್ನೊಂದು ಬಗೆಯ ತೊಂದರೆ ಇದಕ್ಕಿಂತ ಕಣ್ಣಿಗೆ ಕಾಣದ್ದು. ಕಾರ್ಡಿನಲ್ಲಿ ಮಲ್ಟಿಕಾಸ್ಟ್ ಫಿಲ್ಟರ್ ಅಂತ ಇರುತ್ತದೆ. ಯಾವ ಗುಂಪಿನ ಪ್ಯಾಕೆಟ್ ತನಗೆ ಬೇಕು ಅನ್ನುವ ಪಟ್ಟಿ ಅದು. ಎದ್ದ ಮೇಲೆ ಡ್ರೈವರ್ ಈ ಪಟ್ಟಿಯನ್ನು ಮತ್ತೆ ಬರೆಯದಿದ್ದರೆ ಹಳೆಯ ಬಗೆಯ ಐಪಿ, ಅಂದರೆ ಐಪಿವಿ4 ನಡೆಯುತ್ತದೆ, ಯಾಕೆಂದರೆ ‘ಈ ವಿಳಾಸ ಯಾರದು’ ಅನ್ನುವ ಅದರ ವಿಚಾರಣೆ ಎಲ್ಲರಿಗೂ ಕೂಗುವ ಬ್ರಾಡ್‌ಕಾಸ್ಟ್‌ನಲ್ಲಿ ಬರುತ್ತದೆ. ಹೊಸ ಬಗೆಯ ಐಪಿವಿ6 ಮಾತ್ರ ಕೆಡುತ್ತದೆ, ಅದರ ವಿಚಾರಣೆ ಬರುವುದು ಗುಂಪಿಗೆ ಮಾತ್ರ ಕೂಗುವ ಮಲ್ಟಿಕಾಸ್ಟ್‌ನಲ್ಲಿ. ಕೆಲವು ಸೈಟ್ ತೆರೆಯುತ್ತವೆ, ಕೆಲವು ತೆರೆಯುವುದಿಲ್ಲ. ಏನಾಗುತ್ತಿದೆ ಅಂತ ನೋಡಲು ಪ್ಯಾಕೆಟ್‌ಗಳನ್ನು ತೋರಿಸುವ ಟಿಸಿಪಿಡಂಪ್ ಓಡಿಸಿದರೆ ತಟ್ಟನೆ ಎಲ್ಲ ಸರಿಹೋಗುತ್ತದೆ! ಯಾಕೆಂದರೆ ಅದು ಕಾರ್ಡನ್ನು ಎಲ್ಲ ಪ್ಯಾಕೆಟ್ ತೆಗೆದುಕೊಳ್ಳುವ ಸ್ಥಿತಿಗೆ ಹಾಕುತ್ತದೆ. ನಿಲ್ಲಿಸಿದರೆ ಮತ್ತೆ ಹಾಳು. ಇಂಥ ಕಡೆ ನೆಟ್‌ವರ್ಕ್‌ಮ್ಯಾನೇಜರ್‌ನ ಬಿಚ್ಚಿ ಕಟ್ಟುವ ಪದ್ಧತಿ ಅನೇಕ ಸಲ ಕೈಹಿಡಿಯುತ್ತದೆ. ಇಂಟರ್‌ಫೇಸನ್ನು ಇಳಿಸಿ ಏರಿಸಿದಾಗ ಡ್ರೈವರ್ ಆ ಪಟ್ಟಿಯನ್ನು ಮತ್ತೆ ಬರೆಯಬೇಕಾಗುತ್ತದೆ.

ಪ್ರೈವಸಿಗಾಗಿ ಮ್ಯಾಕ್ ವಿಳಾಸ ಬದಲಾಯಿಸುವ ಸೌಲಭ್ಯ ಬಳಸುವವರಿಗೆ ಒಂದು ಮಾತು. ಅದರಲ್ಲಿ ‘ರ‍್ಯಾಂಡಮ್’ ಅಂತ ಆರಿಸಿದರೆ ಪ್ರತಿ ಸಲ ಸಂಪರ್ಕ ಕಟ್ಟುವಾಗಲೂ ಹೊಸ ವಿಳಾಸ. ಪ್ರತಿ ನಿದ್ದೆಯ ನಂತರ ರೂಟರ್‌ಗೆ ನೀವು ಹೊಸಬರು. ರೂಟರ್‌ನಲ್ಲಿ ನಿಮ್ಮ ಹೆಸರಿಗೆ ಕಾದಿರಿಸಿದ ಐಪಿ ಸಿಗುವುದಿಲ್ಲ. ‘ಸ್ಟೇಬಲ್’ ಆರಿಸಿದರೆ ಒಂದು ನೆಟ್‌ವರ್ಕ್‌ಗೆ ಯಾವಾಗಲೂ ಒಂದೇ ವಿಳಾಸ, ಬೇರೆ ನೆಟ್‌ವರ್ಕ್‌ಗೆ ಬೇರೆ. ಮನೆಯ ವೈಫೈಗೆ ನಾನು ಇದನ್ನೇ ಇಟ್ಟಿದ್ದೇನೆ.

ವಿಪಿಎನ್ (ನೆಟ್‌ನೊಳಗಿನ ಖಾಸಗಿ ಸುರಂಗ) ವಿಷಯದಲ್ಲಿ ನೆಟ್‌ವರ್ಕ್‌ಮ್ಯಾನೇಜರ್ ಇನ್ನೂ ಚೆನ್ನಾಗಿರಬಹುದಿತ್ತು. ಓಪನ್‌ವಿಪಿಎನ್ ಥರದ ಸಂಪರ್ಕ ನಿದ್ದೆಯ ಜೊತೆ ಕಡಿದುಹೋಗುತ್ತದೆ. ಎದ್ದಾಗ ತಾನಾಗಿ ಬರಬೇಕು ಅಂದರೆ ವೈಫೈ ಪ್ರೊಫೈಲ್‌ನಲ್ಲಿ ‘ಸೆಕೆಂಡರೀಸ್’ ಅನ್ನುವ ಕಡೆ ಆ ವಿಪಿಎನ್‌ನ ಗುರುತು ಬರೆಯಬೇಕು. ಕೆಲಸ ಮಾಡುತ್ತದೆ, ಆದರೆ ಇದನ್ನು ಹುಡುಕಿ ಹಾಕುವ ಸಹನೆ ಎಲ್ಲರಿಗೂ ಇರುವುದಿಲ್ಲ. ವೈರ್‌ಗಾರ್ಡ್ ಅನ್ನುವ ಇನ್ನೊಂದು ಬಗೆಯ ವಿಪಿಎನ್‌ನಲ್ಲಿ ಈ ಗೋಳು ಕಡಿಮೆ. ವಿಳಾಸ ಬದಲಾದರೂ ಅದು ಮುಂದಿನ ಪ್ಯಾಕೆಟ್‌ನಿಂದ ತಾನೇ ಸಾವರಿಸಿಕೊಳ್ಳುತ್ತದೆ. 2019ರಿಂದ ನೆಟ್‌ವರ್ಕ್‌ಮ್ಯಾನೇಜರ್ ಒಳಗೇ ವೈರ್‌ಗಾರ್ಡ್ ಇದೆ.

ಹೊಸ ಲ್ಯಾಪ್‌ಟಾಪ್ ಅಥವಾ ಅಡಾಪ್ಟರ್ ತಂದಾಗ ಇದನ್ನೆಲ್ಲ ಪರೀಕ್ಷಿಸುವುದು ಹೇಗೆ? ಲಿಡ್ ಮುಚ್ಚಿ ತೆರೆದು ನೋಡಿದರೆ ಸಾಲದು. ಆರ್‌ಟಿಸಿವೇಕ್ ಅನ್ನುವ ಪುಟ್ಟ ಕಮಾಂಡ್ ಇದೆ. ಇಷ್ಟು ಸೆಕೆಂಡ್ ಮಲಗಿ ತಾನೇ ಏಳು ಅಂತ ಹೇಳಬಹುದು. ಅದನ್ನು ಸಾಲಾಗಿ ಓಡಿಸಿ, ಪ್ರತಿ ಸಲ ಎದ್ದಾಗ ಲಿಂಕ್ ವೇಗ, ಐಪಿವಿ4, ಐಪಿವಿ6 ಮೂರನ್ನೂ ಬರೆದಿಟ್ಟುಕೊಳ್ಳುತ್ತೇನೆ. ಚಿಕ್ಕ ನಿದ್ದೆ ಬೇರೆ, ರಾತ್ರಿಯ ಉದ್ದ ನಿದ್ದೆ ಬೇರೆ. ಉದ್ದ ನಿದ್ದೆಯಲ್ಲಿ ಐಪಿ ಗಡುವು ಮುಗಿದಿರಬಹುದು, ಚಿಕ್ಕದರಲ್ಲಿ ಸಾಮಾನ್ಯವಾಗಿ ಇಲ್ಲ. ಕೇಬಲ್ ಕಿತ್ತು ಎಬ್ಬಿಸುವುದು, ಕೇಬಲ್ ಸಿಕ್ಕಿಸಿ ಎಬ್ಬಿಸುವುದು, ಎರಡನ್ನೂ ನೋಡಬೇಕು. ನೆಟ್ ಬರದೇ ಇದ್ದರೆ ಮೊದಲು ನೆಟ್‌ವರ್ಕ್‌ಮ್ಯಾನೇಜರ್‌ನ ಎನ್‌ಎಂಸಿಎಲ್‌ಐ ಕಮಾಂಡ್‌ನಲ್ಲಿ ಸ್ಥಿತಿ ನೋಡಿ. ಇನ್ನೂ ‘ಅಸ್ಲೀಪ್’ ಅಂತ ಇದ್ದರೆ ಎದ್ದ ಸೂಚನೆ ಅದಕ್ಕೆ ತಲುಪಿಲ್ಲ ಅಂತ ಅರ್ಥ. ಆಗ ಹಾರ್ಡ್‌ವೇರ್‌ಗೆ ಕೈಹಾಕುವುದರಲ್ಲಿ ಪ್ರಯೋಜನ ಇಲ್ಲ.

ಎದ್ದ ಮೇಲೆ ಡ್ರೈವರನ್ನೇ ಕಿತ್ತು ಮತ್ತೆ ಹಾಕುವ ಸ್ಕ್ರಿಪ್ಟ್‌ಗಳು ಎಲ್ಲೆಲ್ಲೂ ಓಡಾಡುತ್ತಿವೆ. ಸಿಸ್ಟಂಡಿಯ ಸ್ಲೀಪ್ ಫೋಲ್ಡರ್‌ನಲ್ಲಿ ಇಟ್ಟರೆ ಅವು ಮಲಗುವ ಮೊದಲೂ ಎದ್ದ ನಂತರವೂ ಓಡುತ್ತವೆ. ಬೇರೆ ದಾರಿ ಇಲ್ಲದಾಗ ಸರಿ. ಆದರೆ ಮೊದಲ ಮದ್ದಾಗಿ ಅದನ್ನೇ ಹಾಕಬೇಡಿ. ನಿಜವಾದ ಬಗ್ ಅಡಗಿಹೋಗುತ್ತದೆ, ಡ್ರೈವರ್ ಬರೆಯುವವರಿಗೆ ಅದು ತಲುಪುವುದೇ ಇಲ್ಲ. ಮಲಗಿ ಎದ್ದ ಹೊತ್ತಿನ ಕರ್ನಲ್ ಲಾಗ್ ತೆಗೆದು ಒಂದು ದೂರು ಬರೆದರೆ ಮುಂದಿನವರಿಗೆ ಅನುಕೂಲ ಆಗುತ್ತದೆ.

ಡಾಕ್ ವಿಷಯಕ್ಕೆ ನಾನು ಮಾಡಿಕೊಂಡದ್ದು ಇಷ್ಟು. ನೆಟ್‌ವರ್ಕ್‌ಮ್ಯಾನೇಜರ್‌ನ ಡಿಸ್ಪ್ಯಾಚರ್ ಫೋಲ್ಡರ್‌ನಲ್ಲಿ (ಸಂಪರ್ಕ ಬಂದಾಗ, ಹೋದಾಗ ಓಡಬೇಕಾದ ಸ್ಕ್ರಿಪ್ಟ್‌ಗಳ ಜಾಗ) ಒಂದು ಸಣ್ಣ ಸ್ಕ್ರಿಪ್ಟ್ ಇದೆ. ತಂತಿ ಬಂತು ಅಂದ ಕೂಡಲೇ ಅದು ವೈಫೈ ಆಫ್ ಮಾಡುತ್ತದೆ, ತಂತಿ ಹೋದರೆ ಆನ್ ಮಾಡುತ್ತದೆ. ಇದರಿಂದ ಮೇಜಿನ ಮೇಲೇ ಮಲಗಿ ಅಲ್ಲೇ ಎದ್ದಾಗ ವೈಫೈ ಮೊದಲು ಬಂದು ಆಮೇಲೆ ದಾರಿ ಬದಲಾಗುವುದು ನಿಂತಿದೆ. ಡಾಕ್ ಬಿಟ್ಟು ಪಕ್ಕದ ಕೋಣೆಯಲ್ಲಿ ಎದ್ದರೆ ವೈಫೈ ಆನ್ ಆಗಿ ಸೇರಿಕೊಳ್ಳಲು ಮೊದಲಿಗಿಂತ ಸ್ವಲ್ಪ ಜಾಸ್ತಿ ಹೊತ್ತು ಹಿಡಿಯುತ್ತದೆ, ಅದನ್ನು ಒಪ್ಪಿಕೊಂಡಿದ್ದೇನೆ. ‘ಎದ್ದ ಮೇಲೆ ಇಷ್ಟು ಸೆಕೆಂಡ್ ತಂತಿಗಾಗಿ ಕಾಯಿ, ಬರದಿದ್ದರೆ ವೈಫೈ ಹಿಡಿ’ ಅಂತ ಸೆಟ್ಟಿಂಗ್ಸ್ ಪುಟದಲ್ಲೇ ಒಂದು ಆಯ್ಕೆ ಕೊಟ್ಟರೆ ನನ್ನಂಥವರಿಗೆ ಸ್ಕ್ರಿಪ್ಟ್ ಬೇಕಾಗುವುದಿಲ್ಲ.